ಪದಚರ್ಚೆ: ‘ಪ್ರೊಬಯಾಟಿಕ್’ಗೆ ಕನ್ನಡವೇನು? ಎರಡು ‘ನಿರೋಧಕ’ಗಳ ತೊಡಕು

ಮಾನ್ಯರೇ,

ಆಸ್ಪತ್ರೆಯೊಂದರಲ್ಲಿ ಔಷಧ ಕೊಡುವ ಕಿಟಕಿಯ ಪಕ್ಕದ ಗೋಡೆಗೆ ಅಂಟಿಸುವ ಭಿತ್ತಿಪತ್ರವನ್ನು ಅನುವಾದಿಸುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಪ್ರೊಬಯಾಟಿಕ್’ಗೆ ಒಪ್ಪುವ ಪದ ಸಿಕ್ಕಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಒಂದು ಸಾಲಿನಲ್ಲಿ ‘ರೋಗನಿರೋಧಕ ಶಕ್ತಿ’ ಎಂದೂ ಅದರ ಕೆಳಗೆ ‘ಪ್ರತಿಜೀವಕ ನಿರೋಧಕ ಶಕ್ತಿ’ ಎಂದೂ ಬರೆದುಕೊಟ್ಟಿದ್ದೆ. ಅಕ್ಷರ ಜೋಡಿಸುತ್ತಿದ್ದ ಹುಡುಗ ಎರಡನ್ನೂ ಓದಿ, ‘ಎರಡೆರಡು ಶಕ್ತಿ ಬರುತ್ತದೆಂದರೆ ಒಳ್ಳೆಯ ಮಾತ್ರೆಯೇ ಇರಬೇಕು’ ಎಂದ. ಮೂಲದಲ್ಲಿದ್ದದ್ದು ರೋಗಾಣುಗಳು ಪ್ರತಿಜೀವಕಕ್ಕೆ, ಅಂದರೆ ಆಂಟಿಬಯಾಟಿಕ್‌ಗೆ, ಮಣಿಯದಂತಾಗುತ್ತವೆ ಎಂಬ ಎಚ್ಚರಿಕೆ, ನನ್ನ ಕನ್ನಡದಲ್ಲಿ ಅದು ಜಾಹೀರಾತಾಗಿದೆ.

ಮರು:

ಮೊದಲು ವ್ಯುತ್ಪತ್ತಿಯನ್ನು ನೋಡಬೇಕು. ‘ಪ್ರೊ’ ಎಂದರೆ ಪರವಾಗಿ, ‘ಬಯಾಸ್’ ಎಂದರೆ ಜೀವ. ಒಂದು ಸೂಕ್ಷ್ಮಜೀವಿ ಸ್ರವಿಸಿ ಇನ್ನೊಂದರ ಬೆಳವಣಿಗೆಗೆ ನೆರವಾಗುವ ವಸ್ತುವಿಗೆ 1965ರಲ್ಲಿ ಲಿಲ್ಲಿ ಮತ್ತು ಸ್ಟಿಲ್‌ವೆಲ್ ಈ ಹೆಸರನ್ನು ಬಳಸಿದ್ದು ‘ಆಂಟಿಬಯಾಟಿಕ್’ಗೆ ನೇರ ಎದುರಾಗಿ. ‘ಪ್ರತಿಜೀವಕ’ ನಮ್ಮಲ್ಲಿ ನೆಲೆಗೊಂಡಿರುವುದರಿಂದ ಅದರ ಜೋಡಿಯಾಗಿ ‘ಅನುಜೀವಕ’ ಎನ್ನುವುದೇ ಸಾಧು. ಪ್ರತಿಕೂಲ, ಅನುಕೂಲ ಇದ್ದಂತೆ.

ಮರು:

‘ಅನುಜೀವಿ’ ಎಂದರೆ ಆಶ್ರಿತ, ಊಳಿಗದವನು. ನಿಘಂಟು ತೆರೆಯಿರಿ. ಇಂಗ್ಲಿಷಿನಿಂದ ಬಿಡಿಸಿಕೊಳ್ಳಲು ಸಂಸ್ಕೃತದ ಬಾಗಿಲು ತಟ್ಟುವುದು ಒಂದು ಮನೆಯ ಸಾಲ ತೀರಿಸಲು ಇನ್ನೊಂದು ಮನೆಯಲ್ಲಿ ಸಾಲ ಎತ್ತಿದಂತೆ. ‘ಒಳ್ಳುಸಿರಿ’ (ಒಳ್ಳೆಯ ಉಸಿರಿ, ಅಂದರೆ ಒಳ್ಳೆಯ ಜೀವಿ) ಎನ್ನಿ, ಸಾಕು.

ಮರು:

ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು. 1965ರ ಅರ್ಥ ಈಗ ಬಳಕೆಯಲ್ಲಿಲ್ಲ. ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಸೇವಿಸಿದವರ ಆರೋಗ್ಯಕ್ಕೆ ಒಳಿತು ಮಾಡುವ, ಬದುಕಿರುವ ಸೂಕ್ಷ್ಮಜೀವಿಗಳು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯ ಸಾರ. ಇಲ್ಲಿ ‘ಬದುಕಿರುವ’ ಎಂಬುದೇ ಮುಖ್ಯ. ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂದರೂ ತಪ್ಪಾಗುತ್ತದೆ, ಏಕೆಂದರೆ ಸ್ಯಾಕರೋಮೈಸಿಸ್ ಬೌಲಾರ್ಡಿ ಒಂದು ಯೀಸ್ಟ್. ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಅದನ್ನು ಮುಟ್ಟುವುದೇ ಇಲ್ಲ. ಇನ್ನು ‘ಉಸಿರಿ’ಯ ವಿಷಯ: ನಮ್ಮ ದೊಡ್ಡ ಕರುಳಿನ ನಿವಾಸಿಗಳಲ್ಲಿ ಬಹಳಷ್ಟಕ್ಕೆ ಗಾಳಿಯ ಆಮ್ಲಜನಕವೇ ವಿಷ. ‘ಹೆಪ್ಪು’ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಮನೆಯ ಮೊಸರಿನಲ್ಲಿರುವ ತಳಿ ಯಾವುದು, ಎಷ್ಟು ಎಂದು ಗೊತ್ತಿರುವುದಿಲ್ಲವಾದ್ದರಿಂದ ಅದು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

ನಿಜವಾದ ತೊಡಕು ‘ನಿರೋಧಕ’ದಲ್ಲಿಯೇ ಇದೆ. ಮೊದಲನೆಯದರಲ್ಲಿ ತಡೆಯುವುದು ದೇಹ, ಎರಡನೆಯದರಲ್ಲಿ ತಡೆಯುವುದು ರೋಗಾಣು. ಸಮಾಸ ಕರ್ತೃವನ್ನು ನುಂಗಿಹಾಕುತ್ತದೆ. ಔಷಧವನ್ನು ತಡೆದುಕೊಳ್ಳುವ ಆ ಎರಡನೆಯ ಗುಣ ಪ್ರೊಬಯಾಟಿಕ್‌ಗಳಲ್ಲಿಯೂ ಇರುತ್ತದೆ. ಪುಟ್ಟ ಪ್ಲಾಸ್ಟಿಕ್ ಸೀಸೆಗಳಲ್ಲಿ ಬರುವ ಬ್ಯಾಸಿಲಸ್ ಕ್ಲಾಸಿ ಎಂಬ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಹೊದಿಕೆಯ ಸುಪ್ತ ರೂಪಗಳು) ಹಲವು ಆಂಟಿಬಯಾಟಿಕ್‌ಗಳಿಗೆ ಜಗ್ಗುವುದಿಲ್ಲ, ಆದ್ದರಿಂದಲೇ ಅವನ್ನು ಆ ಮಾತ್ರೆಗಳ ಜೊತೆಯಲ್ಲೇ ಕೊಡುತ್ತಾರೆ. ಆ ಗುಣದ ಜೀನ್ ವರ್ಣತಂತುವಿನಲ್ಲಿದ್ದರೆ ಸಾಮಾನ್ಯವಾಗಿ ಅಲ್ಲಿಯೇ ಉಳಿಯುತ್ತದೆ. ವರ್ಣತಂತುವಿನಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ತುಣುಕಾದ ಪ್ಲಾಸ್ಮಿಡ್‌ನಲ್ಲಿದ್ದರೆ ನೆರೆಯ ಸೂಕ್ಷ್ಮಜೀವಿಗೆ ದಾಟಬಹುದು. ಲ್ಯಾಕ್ಟೋಬ್ಯಾಸಿಲಸ್ ರಾಯ್ಟರಿ ಎಂಬ ಪ್ರೊಬಯಾಟಿಕ್ ಬ್ಯಾಕ್ಟೀರಿಯಾದ ಒಂದು ತಳಿಯಲ್ಲಿ ಇಂಥ ಎರಡು ಪ್ಲಾಸ್ಮಿಡ್‌ಗಳಿದ್ದುದರಿಂದ ಅವುಗಳನ್ನು ತೆಗೆದುಹಾಕಿ ಹೊಸ ತಳಿಯನ್ನು ಸಿದ್ಧಪಡಿಸಬೇಕಾಯಿತು.

ಭಿತ್ತಿಪತ್ರದಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದೂ ಬರೆಯಬೇಡಿ. ಪರಿಣಾಮ ತಳಿಯಿಂದ ತಳಿಗೆ ಬೇರೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ ಆಂಟಿಬಯಾಟಿಕ್ ಮುಗಿಸಿ ಪ್ರೊಬಯಾಟಿಕ್ ತೆಗೆದುಕೊಂಡವರ ಕರುಳಿಗೆ ಅವರದೇ ಮೂಲ ಸೂಕ್ಷ್ಮಜೀವಿಗಳು ಮರಳುವುದು, ಏನನ್ನೂ ತೆಗೆದುಕೊಳ್ಳದವರಿಗಿಂತ ತಡವಾಯಿತು.

ಮರು:

ಎಲ್ಲರಿಗೂ ಧನ್ಯವಾದ. ಮಾತ್ರೆಯ ಪಟ್ಟಿಯ ಮೇಲಿರುವ ಹೆಸರನ್ನೇ ಉಳಿಸಿಕೊಂಡು ಹೀಗೆ ಬರೆದಿದ್ದೇನೆ: ‘ಪ್ರೊಬಯಾಟಿಕ್ ಎಂದರೆ ಆರೋಗ್ಯಕ್ಕೆ ನೆರವಾಗಬಲ್ಲ ಜೀವಂತ ಸೂಕ್ಷ್ಮಾಣು. ವೈದ್ಯರು ಹೇಳದೆ ಆಂಟಿಬಯಾಟಿಕ್ ನುಂಗುತ್ತಿದ್ದರೆ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತವೆ. ಪ್ರೊಬಯಾಟಿಕ್ ಅದಕ್ಕೆ ಪರಿಹಾರವಲ್ಲ.’

ಮರು:

‘ಜಗ್ಗದ’ ಎಂಬುದು ಆಡುಮಾತು, ಪಾರಿಭಾಷಿಕವಾಗಲಾರದು. ‘ಔಷಧಸಹಿಷ್ಣುತೆ’ ಎನ್ನಬಹುದಿತ್ತು.

ಮರು:

ಸಹಿಷ್ಣುತೆ ಬೇರೆ, ನಿರೋಧ ಬೇರೆ. ಮದ್ದು ಇರುವಷ್ಟು ಹೊತ್ತು ಬೆಳೆಯದೆ ಜೀವ ಹಿಡಿದುಕೊಂಡಿರುವುದು ಮೊದಲನೆಯದು, ಮದ್ದಿನ ನಡುವೆಯೇ ಬೆಳೆಯುವುದು ಎರಡನೆಯದು. ಅಚ್ಚಿಗೆ ಕಳುಹಿಸಿ.