ಮೊತ್ತ ಅಷ್ಟೇ ಇದೆ, ಮಳೆಯ ದಿನಗಳು ಕಡಿಮೆಯಾಗಿವೆ: ಮನೆಯ ಮಳೆ ಪುಸ್ತಕವನ್ನು ಎಷ್ಟು ನಂಬಬಹುದು?

ಪ್ರಶ್ನೆ (ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು): ಮೇಡಂ, ನಮಸ್ಕಾರ. ನಮ್ಮ ತಂದೆಯವರು 1989ರಿಂದ ಮನೆಯ ಹಿಂದಿನ ಮಳೆಮಾಪಕದ ನೀರನ್ನು ಪ್ರತಿದಿನ ಬೆಳಿಗ್ಗೆ ಅಳೆದು, ಅಂಗಡಿಯ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದಲ್ಲಿ ಮಳೆ ನಕ್ಷತ್ರದ ಹೆಸರಿನೊಡನೆ ಬರೆದಿಡುತ್ತಿದ್ದರು. ‘ಉತ್ತರೆ, ರಾತ್ರಿ ಎರಡು ಗಂಟೆಗೆ ಹಿಡಿಯಿತು, ಕಟ್ಟೆ ತುಂಬಿತು’ ಎಂಬಂಥ ಟಿಪ್ಪಣಿಗಳೂ ಅದರಲ್ಲಿವೆ. ಅವರು ತೀರಿಕೊಂಡ ಮೇಲೆ ನಾನು ಮುಂದುವರಿಸಿದ್ದೇನೆ. ಈಚೆಗೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಾಗ, ವರ್ಷದ ಮೊತ್ತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮಳೆ ಬಿದ್ದ ದಿನಗಳು ಎದ್ದು ಕಾಣುವಷ್ಟು ಕಡಿಮೆಯಾಗಿವೆ. ಇದು ಹವಾಮಾನ ಬದಲಾವಣೆಯೇ? ಇನ್ನೊಂದು ಸಂದೇಹ: ‘ಆರಿದ್ರೆ ಹುಯ್ದರೆ ದಾರಿದ್ರ್ಯ ಹೋಗುತ್ತದೆ’ ಎನ್ನುತ್ತಿದ್ದರು. ಈಗ ಆ ಲೆಕ್ಕವೇ ಹೊಂದುತ್ತಿಲ್ಲ. ನಕ್ಷತ್ರಗಳು ಜಾಗ ಬಿಟ್ಟವೇ?

ಉತ್ತರ (ಕೃಷಿ ಹವಾಮಾನ ತಜ್ಞೆ): ಇಷ್ಟು ವರ್ಷ ಬಿಡದೆ ಬರೆದ ಪುಸ್ತಕವನ್ನು ದಯವಿಟ್ಟು ಜೋಪಾನವಾಗಿಡಿ. ಉತ್ತರಿಸುವ ಮೊದಲು ನಾನೇ ಒಂದು ಪ್ರಶ್ನೆ ಕೇಳಬೇಕಾಗಿದೆ: 1989ರಲ್ಲಿ ಆ ಮಾಪಕದ ಸುತ್ತ ಏನಿತ್ತು, ಈಗ ಏನಿದೆ?

ಪ್ರಶ್ನಿಸಿದವರು: ಆಗ ಬಯಲು. ಮರುವರ್ಷ ತೆಂಗಿನ ಸಸಿಗಳನ್ನು ನೆಟ್ಟರು. ಈಗ ಅವು ನಲವತ್ತು ಅಡಿಗೂ ಮೇಲಿವೆ. ಹತ್ತಿರದ ಮರ ಮಾಪಕದಿಂದ ಹನ್ನೆರಡು ಅಡಿ ದೂರದಲ್ಲಿದೆ.

ಉತ್ತರ: ಹಾಗಿದ್ದರೆ ಮೊದಲ ಅನುಮಾನವನ್ನು ಮೋಡದ ಮೇಲಲ್ಲ, ಮರದ ಮೇಲೆ ಪಡೋಣ. ಪಕ್ಕದಲ್ಲಿ ಏನೇ ಇದ್ದರೂ ಅದರ ಎತ್ತರದ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕೆಂಬುದು ಹವಾಮಾನ ಇಲಾಖೆಯ ನಿಯಮ. ನಿಮ್ಮ ಮರಕ್ಕೆ ಎಂಬತ್ತು ಅಡಿ ಬೇಕಾಗುತ್ತದೆ. ಎರಡು ಮೂರು ಮಿಲಿಮೀಟರಿನ ಸೋನೆ ಬಂದಾಗ ಗರಿಗಳು ನೆನೆದು ಅಲ್ಲಿಯೇ ಒಣಗುತ್ತವೆ, ಕೆಳಗಿನ ಪಾತ್ರೆಗೆ ಹನಿಯೂ ಇಳಿಯದಿರಬಹುದು. ಜೋರು ಮಳೆಯಲ್ಲಿ ಅದೇ ಗರಿಗಳ ತುದಿಯಿಂದ ಸುರಿಯುವ ನೀರು ಮಾಪಕದೊಳಗೆ ಬಿದ್ದು, ಬರಬೇಕಾದದ್ದಕ್ಕಿಂತ ಹೆಚ್ಚನ್ನು ತೋರಿಸಲೂಬಹುದು. ಸಣ್ಣ ಮಳೆ ಲೆಕ್ಕದಿಂದ ಜಾರಿ, ದೊಡ್ಡ ಮಳೆ ಉಬ್ಬಿ, ಮೊತ್ತ ಮಾತ್ರ ಹಾಗೆಯೇ ಉಳಿದಂತೆ ಕಾಣುವುದು ಹೀಗೆ. ನಿಮ್ಮ ಪುಸ್ತಕ ಹೇಳುತ್ತಿರುವುದೂ ಇದನ್ನೇ ಅಲ್ಲವೇ?

ಆದ್ದರಿಂದ ಬಯಲಿನಲ್ಲಿ ಇನ್ನೊಂದು ಮಾಪಕ ಇಡಿ, ಹಳೆಯದನ್ನು ಕೀಳಬೇಡಿ. ಒಂದು ಇಡೀ ವರ್ಷ ಎರಡನ್ನೂ ಬೆಳಿಗ್ಗೆ ಎಂಟೂವರೆಗೇ ಅಳೆಯಿರಿ, ಏಕೆಂದರೆ ಇಲಾಖೆಯ ಮಳೆ ದಿನ ಆ ಹೊತ್ತಿಗೆ ಮುಗಿಯುತ್ತದೆ. ಮಾಪಕದ ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ 20 ಮಿಲಿಲೀಟರ್ ನೀರು ಎಂದರೆ ಒಂದು ಮಿಲಿಮೀಟರ್ ಮಳೆ. ಹಳೆಯ ಪುಸ್ತಕದಲ್ಲಿಯೂ ಹನಿ ಬಿದ್ದ ದಿನಗಳನ್ನೆಲ್ಲ ಎಣಿಸದೆ, ಇಲಾಖೆ ಮಳೆಯ ದಿನವೆಂದು ಒಪ್ಪುವ 2.5 ಮಿಲಿಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ದಿನಗಳನ್ನು ಮಾತ್ರ ಎಣಿಸಿ. ನಂತರ ‘ಭಾರಿ ಮಳೆ’ ಎನ್ನಿಸಿಕೊಳ್ಳುವ 64.5 ಮಿಲಿಮೀಟರ್ ದಾಟಿದ ದಿನಗಳನ್ನು ಬೇರೆಯಾಗಿ ಬರೆಯಿರಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕ ಇರುತ್ತದೆ. ಅದರ ಅಂಕಿಗಳೊಡನೆ ಹೋಲಿಸಿ. ನಿಮ್ಮ ಕಡೆಯ ಮಳೆ ಬಹುಪಾಲು ಗುಡುಗಿನ ಮಳೆ, ಈ ಊರಿಗೆ ಹುಯ್ದು ಪಕ್ಕದ ಊರನ್ನು ಒಣಗಿಸುವಂಥದ್ದು. ಒಂದು ಹಿತ್ತಿಲಿನ ಸಾಕ್ಷ್ಯ ತಾಲ್ಲೂಕಿಗೆ ಸಲ್ಲುವುದಿಲ್ಲ.

ಮರದ ತಪ್ಪು ಎಂದಾಕ್ಷಣ ಬದಲಾವಣೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಗಾಳಿಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ತುಂಬಲು ಹೊತ್ತು ಹಿಡಿಯುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಮಧ್ಯ ಭಾರತದಲ್ಲಿ 1950ರಿಂದ 2015ರವರೆಗೆ ವ್ಯಾಪಕವಾದ ಅತಿ ಭಾರಿ ಮಳೆಯ ಪ್ರಸಂಗಗಳು ಮೂರು ಪಟ್ಟು ಆಗಿವೆಯೆಂದೂ, ಅದಕ್ಕೆ ಅರಬ್ಬೀ ಸಮುದ್ರದಿಂದ ಬರುವ ತೇವಾಂಶದ ಏರಿಳಿತ ಕಾರಣವೆಂದೂ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅದು ಮಧ್ಯ ಭಾರತದ ಮಾತು. ಅದನ್ನು ಹಾಗೆಯೇ ತಂದು ತಿಪಟೂರಿಗೆ ಅಂಟಿಸಲಾಗದು.

ಇನ್ನು ನಕ್ಷತ್ರದ ವಿಷಯ ನನಗೆ ಬಹಳ ಇಷ್ಟವಾದದ್ದು. ಮಳೆ ನಕ್ಷತ್ರವೆಂದರೆ ಸೂರ್ಯ ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನ. ನಕ್ಷತ್ರಗಳನ್ನು ಹಿಡಿದು ಎಣಿಸುವ ವರ್ಷ, ಋತುಗಳನ್ನು ಹಿಡಿದು ಎಣಿಸುವ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೊಡ್ಡದು. ಹೀಗಾಗಿ ಸುಮಾರು ಎಪ್ಪತ್ತೆರಡು ವರ್ಷಗಳಿಗೆ ಒಂದು ದಿನದಂತೆ ಆರಿದ್ರೆ ತಡವಾಗುತ್ತ ಹೋಗುತ್ತದೆ. ಈಗ ಅದು ಜೂನ್ 22ರ ಹೊತ್ತಿಗೆ ಹುಟ್ಟುತ್ತದೆ. ಗಾದೆ ಐನೂರು ವರ್ಷ ಹಳೆಯದಾಗಿದ್ದರೆ, ಅಂದಿನ ಆರಿದ್ರೆಗೂ ಇಂದಿನದಕ್ಕೂ ಒಂದು ವಾರದ ಅಂತರ ಬಿದ್ದಿರುತ್ತದೆ. ಆದರೆ ನಿಮ್ಮ ತಂದೆಯವರ ಕಾಲದಿಂದ ಈಚೆಗೆ ಅರ್ಧ ದಿನವಷ್ಟೇ. ಆದ್ದರಿಂದ ನೀವು ಕಂಡ ವ್ಯತ್ಯಾಸಕ್ಕೆ ಪಂಚಾಂಗವನ್ನು ದೂರುವಂತಿಲ್ಲ.

ಪ್ರಶ್ನೆ (ಬೆಂಗಳೂರು): ಕೇರಳಕ್ಕೆ ಮುಂಗಾರು 2023ರಲ್ಲಿ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ ಬಂತು. ಮುಂಗಾರು ವರ್ಷದಿಂದ ವರ್ಷಕ್ಕೆ ಬೇಗ ಬರುತ್ತಿದೆ ಎನ್ನಬಹುದೇ?

ಉತ್ತರ: ಮೂರು ವರ್ಷ ಸಾಲದು. 2009ರಲ್ಲಿ ಮೇ 23ಕ್ಕೇ ಬಂದಿತ್ತು. ಆ ವರ್ಷ ದೇಶಕ್ಕೆ ಬರ, ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕಕ್ಕೆ ಪ್ರವಾಹ. ಬಂದ ದಿನಾಂಕ ಮುಂದಿನ ನಾಲ್ಕು ತಿಂಗಳಿಗೆ ಜಾಮೀನು ಕೊಡುವುದಿಲ್ಲ. ಹವಾಮಾನ ಇಲಾಖೆ 2020ರಲ್ಲಿ ವಾಡಿಕೆಯ ದಿನಾಂಕಗಳನ್ನು ಪರಿಷ್ಕರಿಸಿದಾಗಲೂ ಕೇರಳದ ಜೂನ್ 1 ಹಾಗೆಯೇ ಉಳಿಯಿತು. ವಾಯವ್ಯ ಭಾರತದಿಂದ ಮುಂಗಾರು ಹಿಂದೆಗೆಯುವ ದಿನ ಮಾತ್ರ ಸೆಪ್ಟೆಂಬರ್ 1ರಿಂದ 17ಕ್ಕೆ ಹೋಯಿತು. ನನ್ನ ದೃಷ್ಟಿಯಲ್ಲಿ ಆಗಮನಕ್ಕೆ ಸಿಗುವ ಗದ್ದಲದ ಕಾಲುಭಾಗವಾದರೂ ನಿರ್ಗಮನಕ್ಕೆ ಸಿಗಬೇಕಿತ್ತು. 2021ರ ನವೆಂಬರಿನಲ್ಲಿ ಕೊಯ್ದ ರಾಗಿ ಹೊಲದಲ್ಲೇ ಮೊಳಕೆಯೊಡೆದದ್ದನ್ನು ಕಂಡ ರೈತರಿಗೆ ಇದನ್ನು ವಿವರಿಸಬೇಕಿಲ್ಲ.

ಪ್ರಶ್ನೆ (ಅಡಿಕೆ ಬೆಳೆಗಾರರು, ತೀರ್ಥಹಳ್ಳಿ): ಮೇಡಂ, ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದು ರೂಢಿ. 2025ರಲ್ಲಿ ಮೇ ತಿಂಗಳಲ್ಲೇ ಮಳೆ ಹಿಡಿದು ಮೊದಲ ಸಿಂಪರಣೆಗೆ ಬಿಡುವೇ ಸಿಗಲಿಲ್ಲ. ಇನ್ನು ಮುಂದೆ ದಿನಾಂಕ ನೋಡಬೇಕೇ, ಮುನ್ಸೂಚನೆ ನೋಡಬೇಕೇ?

ಉತ್ತರ: ಮುನ್ಸೂಚನೆಯನ್ನೇ ನೋಡಿ. ಎರಡು ವಾರದ ಮುನ್ನೋಟದಿಂದ ಮಳೆಗಾಳಿ ಬಲಗೊಳ್ಳುವ ಸೂಚನೆಯಷ್ಟೇ ಸಿಗುತ್ತದೆ. ಆಳು, ರಾಳ, ಸುಣ್ಣ, ಮೈಲುತುತ್ತ ಹೊಂದಿಸಿಕೊಳ್ಳಲು ಅಷ್ಟು ಸಾಕು. ಮರ ಹತ್ತುವ ದಿನವನ್ನು ನಿರ್ಧರಿಸುವುದು ಎರಡು ಮೂರು ದಿನದ ಮುನ್ಸೂಚನೆಯಿಂದ. ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುವ ಗಾಳಿಯ ಮಳೆ ನಿಮ್ಮದು. ಸಮುದ್ರದ ಗಾಳಿ ಬಲವಾಗಿರುವವರೆಗೆ ಅದು ಸುರಿಯುತ್ತಲೇ ಇರುತ್ತದೆ. ಆದ್ದರಿಂದ ಅದರ ಬಿಡುವನ್ನು ಬಯಲುಸೀಮೆಯ ಗುಡುಗಿನ ಮಳೆಗಿಂತ ಸ್ವಲ್ಪ ಹೆಚ್ಚು ಧೈರ್ಯದಿಂದ ಹೇಳಬಹುದು. ಅದೇ ಗಾಳಿ ಘಟ್ಟ ದಾಟಿ ಇಳಿಯುವಾಗ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ ಚಳ್ಳಕೆರೆಯಲ್ಲಿ ಐನೂರರ ಆಸುಪಾಸಿಗೆ ಇಳಿಯುವುದು ಅದಕ್ಕೇ.

ಪ್ರಶ್ನಿಸಿದವರು (ತಿಪಟೂರು): ಮೇಡಂ, ಹುರುಳಿ ಹೊಲದ ನಡುವೆ ಎರಡನೆಯ ಮಾಪಕ ಇಟ್ಟೆ. ನಿನ್ನೆ ಸಂಜೆ ಹತ್ತು ನಿಮಿಷ ಸೋನೆ ಬಂದಿತ್ತು. ಬೆಳಿಗ್ಗೆ ನೋಡಿದರೆ ಹೊಸದರಲ್ಲಿ ಅಳೆಯುವಷ್ಟು ನೀರಿತ್ತು; ಹಳೆಯದರ ತಳ ತೇವವಾಗಿತ್ತು, ಅಷ್ಟೇ. ಇದನ್ನು ಸೊನ್ನೆ ಎಂದು ಬರೆಯಲೇ?

ಉತ್ತರ: ಬೇಡ. ‘ತೇವ ಮಾತ್ರ’ ಎಂದೇ ಬರೆಯಿರಿ, ನಿಮ್ಮ ತಂದೆಯವರು ಬರೆಯುತ್ತಿದ್ದ ಹಾಗೆ.