ಡಿಸ್ಕವರಿ ಸ್ಕ್ಯಾನ್: ಶೋಧನೆಯೋ, ಪತ್ತೆಯೋ, ಗಣತಿಯೋ?

ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದು ಪದ ತಲೆ ತಿನ್ನುತ್ತಿದೆ. ನಾನು ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುವವನು. ಜ್ಯಾಬಿಕ್ಸ್ ಬಳಸೋದು ಹೇಗೆ ಅಂತ ನಮ್ಮ ಲ್ಯಾಬ್ ಸಹಾಯಕರಿಗಾಗಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಯಾವ ಸ್ವಿಚ್ (ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ) ಕೆಟ್ಟಿದೆ, ಯಾವ ಸರ್ವರ್ ಏದುಸಿರು ಬಿಡುತ್ತಿದೆ ಅಂತ ಹಗಲೂ ರಾತ್ರಿ ಕಾವಲು ಕಾಯುವ ಸಾಫ್ಟ್‌ವೇರ್ ಅದು. ಅದರಲ್ಲಿ 'ನೆಟ್‌ವರ್ಕ್ ಡಿಸ್ಕವರಿ' ಅಂತ ಒಂದು ಭಾಗ. ನೆಟ್‌ವರ್ಕ್‌ನಲ್ಲಿ ಒಂದೊಂದು ಯಂತ್ರಕ್ಕೂ ಐಪಿ ವಿಳಾಸ ಅಂತ ಒಂದು ನಂಬರು ಇರುತ್ತದೆ. 192.168.10.1ರಿಂದ 254ರವರೆಗೆ ಅಂತ ಒಂದು ಸಾಲು ಕೊಟ್ಟರೆ ಸಾಕು, ಅಷ್ಟೂ ವಿಳಾಸಗಳ ಬಾಗಿಲು ತಟ್ಟಿ 'ಯಾರಾದ್ರೂ ಇದ್ದೀರಾ?' ಅಂತ ಕೇಳಿಕೊಂಡು ಬರುತ್ತದೆ. ಪಿಂಗ್‌ಗೆ (ಬರೀ 'ಇದ್ದೀಯಾ?' ಅನ್ನುವ ಕರೆ) ಓಗೊಟ್ಟವರು ಯಾರು, ಎಸ್‌ಎನ್‌ಎಂಪಿಗೆ (ಯಂತ್ರದ ಸ್ಥಿತಿಗತಿ ವಿಚಾರಿಸುವ ಪದ್ಧತಿ) ಓಗೊಟ್ಟವರು ಯಾರು ಅಂತ ಬರೆದುಕೊಳ್ಳುತ್ತದೆ. ನಾವೇನೂ ಬದಲಾಯಿಸದಿದ್ದರೆ ಗಂಟೆಗೊಂದು ಸುತ್ತು.

ಇದನ್ನು ಕನ್ನಡದಲ್ಲಿ ಏನನ್ನೋಣ?

ಮೊದಲು ಸುಮ್ನೆ 'ಸ್ಕ್ಯಾನ್' ಅಂತಲೇ ಬಿಟ್ಟಿದ್ದೆ. 'ಇವತ್ತು ರಾತ್ರಿ ಸ್ಕ್ಯಾನ್ ಇದೆ, ಯಂತ್ರಗಳನ್ನು ಆಫ್ ಮಾಡಬೇಡಿ' ಅಂತ ಚೀಟಿ ಅಂಟಿಸಿದೆ. ಸಂಜೆ ಆಫೀಸಿನ ಮೇಡಂ ಬಂದು, 'ಸರ್, ಪೇಪರ್ ಮೆಷಿನ್ನಲ್ಲೇ ಇಟ್ಟು ಹೋಗಬೇಕಾ?' ಅಂತ ಕೇಳಿದರು. ಅವರದೇನು ತಪ್ಪು? ಸ್ಕ್ಯಾನ್ ಅಂದರೆ ನಮ್ಮಲ್ಲಿ ಒಂದೋ ಜೆರಾಕ್ಸ್ ಅಂಗಡಿ, ಇಲ್ಲಾ ಹೊಟ್ಟೆಯ ಸ್ಕ್ಯಾನಿಂಗ್.

ಆಮೇಲೆ 'ಶೋಧನೆ' ಹಾಕಿ ನೋಡಿದೆ. ಅದಕ್ಕೆ ಕಷಾಯದ ವಾಸನೆ. ಮನೆಯಲ್ಲಿ ಶೋಧಿಸುವುದು ಅಂದರೆ ಬಟ್ಟೆ ಕಟ್ಟಿ ಸೋಸುವುದು ತಾನೇ? ಇದೇ ಸಾಫ್ಟ್‌ವೇರಿನ ಪುಟದ ಮೇಲೆ ಫಿಲ್ಟರ್ ಬೇರೆ ಇದೆ, ಎರಡೂ ಕಲಸಿಹೋಗುತ್ತವೆ. 'ಆವಿಷ್ಕಾರ' ಅಂದರೆ ನಮ್ಮ ಸ್ಟಾಫ್ ರೂಮಿನ ಪ್ರಿಂಟರನ್ನು ನಾವೇ ಕಂಡುಹಿಡಿದ ಹಾಗಾಯ್ತು. 'ಅನ್ವೇಷಣೆ'ಗೆ ಹಡಗು ಬೇಕು.

ಕೊನೆಗೆ 'ಪತ್ತೆ'ಗೆ ಬಂದು ನಿಂತೆ. ಪೇಪರ್ ಓದುವ ಎಲ್ಲರಿಗೂ ಗೊತ್ತಿರುವ ಮಾತು. ಹುಬ್ಬಳ್ಳಿ-ಧಾರವಾಡದ ಕಡೆ ವಿಳಾಸಕ್ಕೇ 'ಪತ್ತಾ' ಅನ್ನುತ್ತಾರೆ, ಐಪಿ ವಿಳಾಸ ಹುಡುಕುವ ಕೆಲಸಕ್ಕೆ ಇನ್ನೇನು ಬೇಕು ಅಂತ ಖುಷಿಪಟ್ಟೆ. ಎಚ್ಚರಿಕೆ ಸಂದೇಶದಲ್ಲಿ 'ಹೊಸ ಸಾಧನ ಪತ್ತೆ' ಅಂತ ಬರೆದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್ ಸಹಾಯಕರ ಫೋನ್. 'ಸರ್, ಯಾರೋ ಹೊರಗಿನವರು ನೆಟ್‌ವರ್ಕ್‌ಗೆ ಏನೋ ಜೋಡಿಸಿದ್ದಾರೆ!' ಹೋಗಿ ನೋಡಿದರೆ ಹಳೇ ಪ್ರಿಂಟರ್. ಶನಿವಾರ ಯಾರೋ ಆಫ್ ಮಾಡಿ ಹೋಗಿದ್ದರು, ಸೋಮವಾರ ಹಾಕಿದ್ದಾರೆ. ಈ ಸಾಫ್ಟ್‌ವೇರಿಗೆ ಮೊದಲ ಸಲ ಸಿಕ್ಕಿದ್ದೂ ಡಿಸ್ಕವರ್ಡ್, ಮಲಗಿದ್ದು ಎದ್ದು ಬಂದದ್ದೂ ಡಿಸ್ಕವರ್ಡ್. 'ಹೊಸ' ಅನ್ನೋದನ್ನು ಸೇರಿಸಿದ್ದು ನಾನು. ಜೊತೆಗೆ 'ಪತ್ತೆ' ಅಂದ ಕೂಡಲೇ 'ಗಾಂಜಾ ಪತ್ತೆ', 'ಶವ ಪತ್ತೆ' ಅನ್ನೋ ತಲೆಬರಹ ಕಣ್ಣಿಗೆ ಬರುತ್ತದೆ. ಗಾಬರಿ ಆಗದೆ ಇರುತ್ತಾ?

ಆದರೂ ಪತ್ತೆಯನ್ನು ಬಿಡೋಕೆ ಮನಸ್ಸಿಲ್ಲ. ಕಾರಣ ಅದರ ಜೋಡಿ. ಓಗೊಡುತ್ತಿದ್ದ ಯಂತ್ರ ಸುಮ್ಮನಾದರೆ ಜ್ಯಾಬಿಕ್ಸ್ ಅದನ್ನು 'ಲಾಸ್ಟ್' ಅನ್ನುತ್ತದೆ. ನಮ್ಮಲ್ಲಿ 'ನಾಪತ್ತೆ' ಇದೆಯಲ್ಲ! 'ಕಳೆದುಹೋಗಿದೆ' ಅಂದರೆ ಕಳ್ಳತನ ಆಯ್ತಾ ಅಂತಾರೆ. 'ಕೆಟ್ಟಿದೆ' ಅಂದರೆ ಸುಳ್ಳೂ ಇರಬಹುದು. ನಾಪತ್ತೆ ಅನ್ನುವವರು ಸತ್ತ ಅಂತಲೂ ಹೇಳೋದಿಲ್ಲ, ಓಡಿಹೋದ ಅಂತಲೂ ಹೇಳೋದಿಲ್ಲ. ಎಲ್ಲಿದ್ದಾನೋ ಗೊತ್ತಿಲ್ಲ, ಅಷ್ಟೆ. ಸಾಫ್ಟ್‌ವೇರಿಗೆ ತಿಳಿದಿರುವುದೂ ಅಷ್ಟೇ. ಹೊರಗಿನ ಕರೆಗಳನ್ನು ತಡೆಯುವ ಫೈರ್‌ವಾಲ್ ಹಾಕಿಕೊಂಡ ಕಂಪ್ಯೂಟರ್ ಪಿಂಗ್‌ಗೆ ಮಾತೇ ಆಡದಿರಬಹುದು. ಮನೆಯೊಳಗೆ ದೀಪ ಉರಿಯುತ್ತಿರುತ್ತದೆ, ಬಾಗಿಲು ಮಾತ್ರ ತೆಗೆಯೋದಿಲ್ಲ. ಅಂಥ ಕಡೆ 'ಸಾಧನ ಇಲ್ಲ' ಅಂತ ಬರೆದಿದ್ದನ್ನೆಲ್ಲ ಹೊಡೆದು 'ಉತ್ತರ ಬರಲಿಲ್ಲ' ಅಂತ ತಿದ್ದಿದ್ದೇನೆ.

ಹಾಗಾಗಿ ಸಿಕ್ಕಿದ್ದಕ್ಕೆ ಪತ್ತೆ, ತಪ್ಪಿದ್ದಕ್ಕೆ ನಾಪತ್ತೆ. ಆದರೆ ಈ ಸುತ್ತಾಟದ ಕೆಲಸಕ್ಕೆ? ಗೆಳೆಯರೊಬ್ಬರು 'ಹಾಜರಿ' ಅಂದರು. ಚೆನ್ನಾಗಿದೆ, ಆದರೆ ಮೇಷ್ಟ್ರ ಕೈಯಲ್ಲಿ ಹೆಸರಿನ ಪಟ್ಟಿ ಮೊದಲೇ ಇರುತ್ತದೆ. ಇಲ್ಲಿ ಪಟ್ಟಿ ಮಾಡುವುದೇ ಕೆಲಸ. ಹಳೇ ಮೈಸೂರಿನ 'ಖಾನೇಷುಮಾರಿ' ಅರ್ಥಕ್ಕೆ ತೀರಾ ಹತ್ತಿರ, ಮನೆಮನೆಗೆ ಹೋಗಿ ಇದ್ದವರನ್ನು ಬರೆದುಕೊಳ್ಳುವುದು. ಇವತ್ತಿನ ಹುಡುಗರಿಗೆ ಅದನ್ನು ಬಿಡಿಸಿ ಹೇಳೋಕೆ ಇನ್ನೊಂದು ಪುಟ ಬೇಕು. 'ಗಣತಿ' ಅಂದರೆ ಸಾಕಾ? ಅಥವಾ ಬರೀ ಎಣಿಕೆ ಅನ್ನಿಸುತ್ತಾ?

ನನ್ನ ಆಸೆ ಇರೋದು 'ಜಾಲಾಡು' ಮೇಲೆ. 'ಊರೆಲ್ಲ ಜಾಲಾಡಿದೆ' ಅಂತೀವಲ್ಲ, ಒಂದು ಮೂಲೆಯೂ ಬಿಡದೆ ಹುಡುಕಿದ್ದು. ನೆಟ್‌ವರ್ಕ್‌ಗೆ 'ಜಾಲ' ಅನ್ನುವುದರಿಂದ 'ಜಾಲವನ್ನು ಜಾಲಾಡು' ಕಿವಿಗೂ ಹಿತ. ತೊಡಕು ಏನಪ್ಪಾ ಅಂದರೆ, ನಮ್ಮಮ್ಮ ಜಾಲಾಡಿಸುವುದು ಬಟ್ಟೆಯನ್ನು, ನಮ್ಮ ಪ್ರಿನ್ಸಿಪಾಲರು ಜಾಲಾಡಿಸುವುದು ನಮ್ಮನ್ನು.

ಉಳಿದವು ಸುಲಭ. 'ಇಂಟರ್‌ವಲ್'ಗೆ 'ಅಂತರ' ಬಿಟ್ಟು 'ಎಷ್ಟು ಹೊತ್ತಿಗೊಮ್ಮೆ', 'ರೇಂಜ್'ಗೆ 'ಎಲ್ಲಿಂದ ಎಲ್ಲಿವರೆಗೆ', 'ಕಾನ್ಫಿಗರ್'ಗೆ 'ಹೊಂದಿಸು'. ಎಸ್‌ಎನ್‌ಎಂಪಿಯ 'ಕಮ್ಯುನಿಟಿ'ಯನ್ನು ಮಾತ್ರ ಮುಟ್ಟಲಿಲ್ಲ. ಅದು ಗುಟ್ಟಿನ ಪದದ ಹಾಗೆ ಕೆಲಸ ಮಾಡುತ್ತದೆ. ಆದರೆ 'ಸಮುದಾಯ' ಅಂತ ಬರೆದು ಮುಂದೆ ಖಾಲಿ ಜಾಗ ಬಿಟ್ಟರೆ ನಮ್ಮ ಜನ ಅಲ್ಲಿ ಜಾತಿ ಬರೆಯುತ್ತಾರೆ.

ಈಗ ನನ್ನ ಪ್ರಶ್ನೆ ಎರಡೇ. ಸುತ್ತಾಟಕ್ಕೆ ಗಣತಿಯೋ ಜಾಲಾಟವೋ? ಆಮೇಲೆ ಆ ಸೋಮವಾರದ ಪ್ರಿಂಟರಿಗೆ 'ಮರುಪತ್ತೆ' ಅನ್ನಬಹುದಾ, ಅಥವಾ 'ಮತ್ತೆ ಸಿಕ್ಕಿತು' ಅಂತ ಬಿಡಿಸಿಯೇ ಬರೆಯಲಾ? ಸಂದೇಶದಲ್ಲಿ ಜಾಗ ಕಮ್ಮಿ, ಎರಡು ಮೂರು ಪದದೊಳಗೆ ಮುಗಿಯಬೇಕು.