ಎಕ್ಯೂ ಕಟ್‌ಆಫ್ ದಾಟಿದೆ, ಮಾತು ಮಾತ್ರ ಸರಿಹೋಗಿಲ್ಲ: ಅಫೇಸಿಯಾದಲ್ಲಿ ಮಾತನ್ನು ಅಳೆಯುವ ಬಗೆ

ಪ್ರಶ್ನೆ: ಮೇಡಂ, ಸ್ಟ್ರೋಕ್ ಆಗಿ ಎಂಟು ತಿಂಗಳಾದ ಒಬ್ಬರಿಗೆ ಅಫೇಸಿಯಾ (ಮಿದುಳಿನ ಹಾನಿಯಿಂದ ಭಾಷೆ ಕೆಡುವುದು) ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆ ಮಾಡಿದೆ. ಅದರ ಒಟ್ಟು ಅಂಕ, ಅಂದರೆ ಅಫೇಸಿಯಾ ಕೋಶೆಂಟ್ (ಎಕ್ಯೂ), ನೂರಕ್ಕೆ 94.6 ಬಂತು. ಕಟ್‌ಆಫ್ 93.8 ಆದ್ದರಿಂದ ಲೆಕ್ಕದ ಪ್ರಕಾರ ಅಫೇಸಿಯಾ ಇಲ್ಲ. ಮನೆಯವರು ಮಾತ್ರ 'ಒಂದು ವಿಷಯ ಹೇಳಿ ಮುಗಿಸೋಕೆ ಒದ್ದಾಡ್ತಾರೆ' ಅಂತಾರೆ. ಯಾವುದನ್ನು ನಂಬಲಿ?

ಉತ್ತರ: ಮನೆಯವರನ್ನು ನಂಬಿ. ಎಕ್ಯೂ ಹೇಗೆ ಬರುತ್ತದೆ ನೋಡಿ: ಸಹಜ ಮಾತಿಗೆ 20, ಗ್ರಹಿಕೆ, ಪುನರುಚ್ಚಾರ, ಹೆಸರಿಸುವಿಕೆಗೆ ತಲಾ 10, ಕೂಡಿಸಿ ಎರಡರಿಂದ ಗುಣಿಸುತ್ತೇವೆ. ನೂರರಲ್ಲಿ 40 ಅಂಕ ಸಹಜ ಮಾತಿನದೇ. ಆದರೆ ಆ 40 ಅಂಕ ನಿಂತಿರುವುದು ಆರು ಸಣ್ಣ ಪ್ರಶ್ನೆ, ಒಂದು ಚಿತ್ರದ ಮೇಲೆ. ಹೆಸರು, ವಿಳಾಸ, ಕೆಲಸ ಎಲ್ಲ ಬಾಯಿಪಾಠದ ಉತ್ತರಗಳು. ಸೌಮ್ಯ ಅಫೇಸಿಯಾ ಅಲ್ಲಿ ಸಿಕ್ಕಿಬೀಳುವುದಿಲ್ಲ. ಒಂದಕ್ಕೊಂದು ಕೊಂಡಿ ಹಾಕಿ ನಾಲ್ಕು ಮಾತು ಆಡಬೇಕಾದಾಗ ಸಿಕ್ಕಿಬೀಳುತ್ತದೆ.

ಹಾಗಾಗಿ ಮಾತಿನ ಸ್ಯಾಂಪಲ್ ತೆಗೆದುಕೊಳ್ಳಿ. ಒಂದೇ ಚಿತ್ರ ಸಾಲದು. ಇವತ್ತು ಒಂದು ಅಂಕ, ನಾಳೆ ಇನ್ನೊಂದು ಬರುತ್ತದೆ, ಅದನ್ನೇ ಸುಧಾರಣೆ ಎಂದು ಬರೆದುಬಿಡುತ್ತೇವೆ. ಸಂಶೋಧಕರಾದ ಬ್ರೂಕ್‌ಶೈರ್ ಮತ್ತು ನಿಕೊಲಸ್ ತೋರಿಸಿದಂತೆ ಅಂಕ ಸ್ಥಿರವಾಗಲು 300ರಿಂದ 400 ಪದ ಬೇಕು, ಅಂದರೆ ನಾಲ್ಕೈದು ಕೆಲಸ: ಎರಡು ಬಿಡಿ ಚಿತ್ರ, ಒಂದು ಚಿತ್ರಸರಣಿ, 'ಪತ್ರ ಬರೆದು ಕಳಿಸೋದು ಹೇಗೆ' ಎಂಬಂಥ ವಿಧಾನ, 'ಭಾನುವಾರ ಸಾಮಾನ್ಯವಾಗಿ ಏನ್ ಮಾಡ್ತೀರಿ' ಎಂಬಂಥ ಸ್ವಂತ ವಿಷಯ. ಮರುಪರೀಕ್ಷೆಗೂ ಇವೇ ಇರಲಿ.

ಸ್ಯಾಂಪಲ್ ಕೆಡುವುದು ಹೆಚ್ಚಾಗಿ ನಮ್ಮಿಂದಲೇ. ಅವರು ತಡವರಿಸುತ್ತಿದ್ದಂತೆ ಪದ ಎತ್ತಿಕೊಡುತ್ತೇವೆ, 'ಹ್ಞಾಂ ಹ್ಞಾಂ' ಅನ್ನುತ್ತೇವೆ, ಚಿತ್ರದ ಮೇಲೆ ಬೆರಳಿಡುತ್ತೇವೆ. ಆಮೇಲೆ ಆ ಪದ ಅವರದೋ ನಮ್ಮದೋ ಗೊತ್ತಾಗುವುದಿಲ್ಲ. ಹತ್ತು ಸೆಕೆಂಡ್ ಮೌನವಾದರೆ 'ಇನ್ನೇನಾದ್ರೂ ಹೇಳ್ತೀರಾ?' ಅಷ್ಟೇ. ಸುಮ್ಮನೆ ಕೂರುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಕನ್ನಡಕ, ಶ್ರವಣಯಂತ್ರ ಹಾಕಿಸಿ. ಚಿತ್ರದ ಬಲಭಾಗದ ವಿಷಯಗಳೇ ಪ್ರತಿಸಲ ಬಿಟ್ಟುಹೋಗುತ್ತಿದ್ದರೆ ಭಾಷೆಯನ್ನು ದೂರುವ ಮೊದಲು ದೃಷ್ಟಿಕ್ಷೇತ್ರ ನೋಡಿ, ಚಿತ್ರವನ್ನು ಎಡಕ್ಕೆ ಸರಿಸಿ. ಫ್ಯಾನ್ ಆರಿಸಿ, ಮೈಕನ್ನು ಬಾಯಿಯಿಂದ 15–20 ಸೆಂ.ಮೀ. ದೂರದಲ್ಲಿಡಿ. ಸನ್ನೆ ಹೆಚ್ಚು ಬಳಸುವವರಾದರೆ ವಿಡಿಯೊನೇ ಮಾಡಿ.

ಮರುಪ್ರಶ್ನೆ: ರೆಕಾರ್ಡ್ ಆದ ಮೇಲೆ ಎಣಿಕೆ ಹೇಗೆ? ಸಿಐಯು ಅಂತ ಓದಿದ್ದೇನೆ, ಮಾಡಿ ನೋಡಿಲ್ಲ.

ಉತ್ತರ: ಸಿಐಯು ಎಂದರೆ ಸರಿಯಾದ ಮಾಹಿತಿ ಕೊಡುವ ಪದ. ನಿಕೊಲಸ್ ಮತ್ತು ಬ್ರೂಕ್‌ಶೈರ್ 1993ರಲ್ಲಿ ಕೊಟ್ಟ ನಿಯಮಗಳಿವು. ಮೊದಲು ಪದ ಎಣಿಸಬೇಕು, ಆಮೇಲೆ ಸಿಐಯು. ಹುಡುಗ ಏಣಿಯಿಂದ ಬೀಳುತ್ತಿರುವ ಚಿತ್ರಕ್ಕೆ 24 ಸೆಕೆಂಡಿನಲ್ಲಿ ಬಂದ ಮಾತು ಇದು ಅಂದುಕೊಳ್ಳಿ:

'ಆಂ... ಹುಡುಗಿ... ಅಲ್ಲ... ಹುಡುಗ... ಅದು... ಏ... ಏಣಿ... ಏನಂತಾರೆ ಅದಕ್ಕೆ... ಏಣಿ ಹತ್ತಿ ಬೀಳ್ತಾನೆ.'

'ಆಂ' ಬರೀ ಸದ್ದು, 'ಏ' ಅರ್ಧ ಪದ, ಎರಡನ್ನೂ ಬಿಡಿ. ಉಳಿದದ್ದು 10 ಪದ. 'ಹುಡುಗಿ' ತಪ್ಪು, 'ಅಲ್ಲ' ತಿದ್ದುಪಡಿ, 'ಅದು' ಯಾವುದೆಂದು ತಿಳಿಯದು, 'ಏನಂತಾರೆ ಅದಕ್ಕೆ' ಚಿತ್ರದ ಬಗ್ಗೆ ಅಲ್ಲ, ಎರಡು 'ಏಣಿ'ಯಲ್ಲಿ ಒಂದಕ್ಕೆ ಮಾತ್ರ ಲೆಕ್ಕ. ಹುಡುಗ, ಏಣಿ, ಹತ್ತಿ, ಬೀಳ್ತಾನೆ: ನಾಲ್ಕು ಸಿಐಯು. ಅಂದರೆ 40 ಶೇಕಡ, ನಿಮಿಷಕ್ಕೆ 25 ಪದ, 10 ಸಿಐಯು. ವ್ಯಾಕರಣ ತಪ್ಪಿದ್ದರೂ ಸಿಐಯು ಹೋಗುವುದಿಲ್ಲ, ಮಾಹಿತಿ ಸರಿಯಿದ್ದರೆ ಸಾಕು. ಸಮಯ ಹಿಡಿಯುವಾಗ ನೀವು ಮಾತಾಡಿದ ಸೆಕೆಂಡುಗಳನ್ನು ಕಳೆಯಿರಿ. ಸೌಮ್ಯ ಅಫೇಸಿಯಾದವರಲ್ಲಿ ಶೇಕಡ ಸರಿಯಾಗೇ ಇರಬಹುದು, ನಿಮಿಷದ ಲೆಕ್ಕ ಕುಸಿದಿರುತ್ತದೆ. ನಿಮ್ಮವರಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.

ಇನ್ನೊಬ್ಬರ ಪ್ರಶ್ನೆ: ಇಂಗ್ಲಿಷ್‌ನ ನಾರ್ಮ್ (ಆರೋಗ್ಯವಂತರ ಸಾಮಾನ್ಯ ಅಂಕ) ಜೊತೆ ಹೋಲಿಸಬಹುದಾ ಮೇಡಂ?

ಉತ್ತರ: ಬೇಡ. 'ಹುಡುಗ ಏಣಿ ಹತ್ತಿ ಬೀಳ್ತಿದ್ದಾನೆ' ನಮ್ಮಲ್ಲಿ ನಾಲ್ಕು ಪದ. ಇದನ್ನೇ ಇಂಗ್ಲಿಷ್‌ನಲ್ಲಿ ಹೇಳಿದರೆ ಹುಡುಗನಿಗೊಂದು, ಏಣಿಗೊಂದು ಆರ್ಟಿಕಲ್, ಬೀಳುವುದಕ್ಕೊಂದು ಸಹಾಯಕ ಕ್ರಿಯಾಪದ ಸೇರಿ ಏಳಾಗುತ್ತದೆ. ಇಂಗ್ಲಿಷ್‌ನಲ್ಲಿ ಬಿಡಿಯಾಗಿ ನಿಲ್ಲುವುದು ನಮ್ಮಲ್ಲಿ ಪ್ರತ್ಯಯವಾಗಿ ಅಂಟಿಕೊಂಡಿರುತ್ತದೆ. ಅವರನ್ನು ಅವರ ಹಿಂದಿನ ಸ್ಯಾಂಪಲ್‌ಗೇ ಹೋಲಿಸಿ, ಇಲ್ಲವೇ ಅದೇ ವಯಸ್ಸು, ಅಷ್ಟೇ ಓದಿನ ಕೆಲವು ಆರೋಗ್ಯವಂತರಿಂದ ಅದೇ ಚಿತ್ರಗಳಿಗೆ ಮಾತು ಪಡೆದಿಟ್ಟುಕೊಳ್ಳಿ. ಇನ್ನೆರಡು ಎಚ್ಚರ: 'ಬಂದ', 'ಹೋದ್ಲು' ಎಂದು ಕರ್ತೃಪದ ಬಿಟ್ಟರೆ ಅದು ವ್ಯಾಕರಣಲೋಪವಲ್ಲ, ಕನ್ನಡ ಇರುವುದೇ ಹಾಗೆ. 'ಹುಡುಗಿ ಬಂದ' ಎಂದರೆ ಗುರುತು ಹಾಕಿ. ಆಡುಮಾತಿನ 'ಮನೀಗೆ', 'ಬರ್ತಾಳ' ಎಂಬುವನ್ನು ಗ್ರಂಥಭಾಷೆಗೆ ತಿದ್ದಿ ಬರೆಯಬೇಡಿ, ತಪ್ಪೆಂದೂ ಎಣಿಸಬೇಡಿ. ಅವರ ಊರಮಾತು ಹೇಗಿತ್ತೆಂದು ಮನೆಯವರನ್ನೇ ಕೇಳಿ.

ಮರುಪ್ರಶ್ನೆ: 'ಬಾಗಿಲು' ಎನ್ನಲು 'ಗಾಬಿಲು' ಎಂದರೆ ಅಫೇಸಿಯಾನಾ, ಅಪ್ರಾಕ್ಸಿಯಾನಾ (ಪದ ಗೊತ್ತಿದ್ದೂ ಮಾತಿನ ಚಲನೆಗಳನ್ನು ಹೊಂದಿಸಲಾಗದ ತೊಂದರೆ)?

ಉತ್ತರ: ಒಂದು ಪದದಿಂದ ತೀರ್ಮಾನ ಆಗದು. ಧ್ವನಿಗಳು ಸ್ಪಷ್ಟವಾಗಿದ್ದು ಅದಲುಬದಲಾಗಿದ್ದರೆ, ಮಾತಿನ ಲಯ ಸಹಜವಾಗಿದ್ದರೆ, ಧ್ವನಿ ಮಟ್ಟದ ಪ್ಯಾರಾಫೇಸಿಯಾ (ಅಫೇಸಿಯಾದಲ್ಲಿ ಪದದ ಧ್ವನಿಗಳು ತಪ್ಪಾಗಿ ಬರುವುದು) ಕಡೆಗೆ ವಾಲುತ್ತೇನೆ. ಧ್ವನಿಯೇ ವಿಕಾರವಾಗಿ, ಅಕ್ಷರ ಅಕ್ಷರ ಬಿಡಿಸಿಟ್ಟಂತೆ ನಿಧಾನವಾಗಿ ಬಂದರೆ ಅಪ್ರಾಕ್ಸಿಯಾ. ಎರಡೂ ಒಟ್ಟಿಗೆ ಇರುವುದೂ ಸಾಮಾನ್ಯ. 'ಬಾಗಿಲು', 'ಬಾಗಿಲುಗಳು', 'ಬಾಗಿಲುಗಳಿಂದ' ಎಂದು ಉದ್ದ ಹೆಚ್ಚಿಸುತ್ತಾ ತಲಾ ಮೂರು ಸಲ ಹೇಳಿಸಿ, ರೆಕಾರ್ಡ್ ಹಾಕಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 'ಗಾಬಿಲು' ಎಂದೇ ಬರೆಯಿರಿ, ಪಕ್ಕದಲ್ಲಿ ಉದ್ದೇಶಿಸಿದ ಪದ ಇರಲಿ.